ಕೈಗವಸಿನಲ್ಲಿ ಬಂದ ಮೂರು ಬಾಟಲಿ

ಸೋಮವಾರ ಬೆಳಗ್ಗೆ ಹತ್ತೂವರೆಗೆ ಹಣ್ಣಿನ ರಸದ ಕಾರ್ಖಾನೆಯ ಲ್ಯಾಬ್ ಮೇಡಂ ಠಾಣೆಗೆ ಬಂದು, ಮೂರು ಬಾಟಲಿ ರಸ ಕಳುವಾಗಿದೆ ಎಂದು ದೂರು ಕೊಟ್ಟರು. ರೈಟರ್ ಪೆನ್ನು ಕೆಳಗಿಟ್ಟು ಅವರ ಮುಖ ನೋಡಿದ.

“ಮೂರೇ ಬಾಟಲಿನಾ ಮೇಡಂ? ನಮ್ಮನೆ ಮಕ್ಕಳು ಒಂದು ಮಧ್ಯಾಹ್ನಕ್ಕೆ ಅಷ್ಟು ಮುಗಿಸ್ತಾವೆ.”

“ಇವನ್ನ ಮುಗಿಸಿದ್ರೆ ಆಸ್ಪತ್ರೆ ಸೇರಬೇಕಾಗುತ್ತೆ. ನಾವೇ ಬೇಕಂತ ರೋಗಾಣು ಬಿಟ್ಟಿರೋ ಬಾಟಲಿ ಅವು.”

ಒಳಕೋಣೆಯಿಂದ ಇನ್‌ಸ್ಪೆಕ್ಟರ್ ಎದ್ದು ಬಂದರು. ಎದ್ದು ಬರುವುದಕ್ಕೂ ಹೊತ್ತು ತೆಗೆದುಕೊಳ್ಳುವ ಆಸಾಮಿ. ಬೆನ್ನ ಹಿಂದೆ ಠಾಣೆಯವರೆಲ್ಲ ಅವರನ್ನು ನಿಧಾನಪ್ಪ ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು, ಬೇಸರವಿರಲಿಲ್ಲ. ಕುರ್ಚಿ ಎಳೆದು ಕೂತು, “ನಮ್ಮಂಥೋರಿಗೆ ತಿಳಿಯೋ ಹಾಗೆ ಹೇಳಿಮ್ಮಾ,” ಎಂದರು.

ಮೇಡಂ ಹೇಳಿದರು. ರಸ ಕೆಟ್ಟಿದೆಯೋ ಇಲ್ಲವೋ ನೋಡಲು ಹಳೆಯ ಪದ್ಧತಿಯಲ್ಲಿ ಒಂದು ಹನಿಯನ್ನು ಗಾಜಿನ ತಟ್ಟೆಗೆ ಬಿಟ್ಟು, ರೋಗಾಣು ಬೆಳೆದು ಕಣ್ಣಿಗೆ ಬೀಳುವ ತನಕ ದಿನಗಟ್ಟಲೆ ಕಾಯಬೇಕು. ಈಗ ಬೆಳಗ್ಗೆ ಕೊಟ್ಟರೆ ಸಂಜೆಗೆ ಉತ್ತರ ಕೊಡುವ ಯಂತ್ರ ಬಂದಿದೆ. ಆದರೆ ಅದರ ಮಾತನ್ನು ಸುಮ್ಮನೆ ನಂಬುವಂತಿಲ್ಲ. ಅದಕ್ಕೇ ಕೆಲವು ಬಾಟಲಿಗಳನ್ನು ತಾವೇ ಕೆಡಿಸಿ, ಒಳ್ಳೆಯವುಗಳ ನಡುವೆ ಬೆರೆಸಿ, ಮೇಲೆ ಬರೀ ನಂಬರಿನ ಚೀಟಿ ಅಂಟಿಸಿ, ಯಂತ್ರಕ್ಕೂ ತಟ್ಟೆಗೂ ಕೊಟ್ಟು ಎರಡರ ಉತ್ತರ ತಾಳೆ ನೋಡುತ್ತಿದ್ದರು.

“ಕೆಡಿಸಿದ ಮೂರನ್ನೂ ಯಂತ್ರ ಒಳ್ಳೇದು ಅಂತು. ಯಂತ್ರ ಸೋತಿದೆ ಅಂದ್ಕೊಂಡೆ. ಇವತ್ತು ನೋಡಿದ್ರೆ ತಟ್ಟೆಯಲ್ಲೂ ಏನೂ ಬೆಳೆದಿಲ್ಲ. ಅಂದ್ರೆ ಒಳಗಿದ್ದಿದ್ದೇ ಒಳ್ಳೆ ರಸ. ಯಾರೋ ಬದಲಾಯಿಸಿದಾರೆ. ಕೆಟ್ಟಿದ್ದು ಎಲ್ಲೋ ಹೊರಗಿದೆ ಸಾರ್. ನೋಡೋಕೆ ಒಳ್ಳೆ ರಸದ ಹಾಗೇ ಇರುತ್ತೆ.”

ಎಫ್‌ಐಆರ್ ಬರೆದಾಯಿತು. ರೈಟರ್ ಮತ್ತೆ ತಮಾಷೆ ಮಾಡಲಿಲ್ಲ.

ಇನ್‌ಸ್ಪೆಕ್ಟರ್ ಜೊತೆಗೆ ಹೊರಟಿದ್ದು ಮಹಿಳಾ ಕಾನ್‌ಸ್ಟೇಬಲ್. ಆಕೆಗೆ ಬಿಡದ ತಲೆನೋವು. ಹಣೆಗೆ ಬಾಮು ಹಚ್ಚದೆ ಹೊಸ್ತಿಲು ದಾಟುವವಳಲ್ಲ. ಬಾಮಕ್ಕ ಎಂದೇ ಹೆಸರಾಗಿತ್ತು.

ಕಾರ್ಖಾನೆಯ ಶೀತಲ ಕೋಣೆಯಲ್ಲಿ, ಇಬ್ಬರು ಪಂಚರ ಎದುರು ಪಂಚನಾಮೆ ನಡೆಯಿತು. ಬೀಗ ಮುರಿದಿರಲಿಲ್ಲ. ಮೂರು ಬಾಟಲಿಗಳ ಚೀಟಿ ಮಾತ್ರ ಒದ್ದೆ ಮಾಡಿ ಬಿಡಿಸಿ ಮತ್ತೆ ಅಂಟಿಸಿದಂತೆ ಅಂಚಿನಲ್ಲಿ ಸುಕ್ಕುಗಟ್ಟಿತ್ತು. ಕೀಲಿ ಇದ್ದದ್ದು ಇಬ್ಬರ ಬಳಿ. ಒಂದು ಮೇಡಂದು, ಇನ್ನೊಂದು ಆ ಕೋಣೆಯನ್ನೇ ಕಾಯುವ ತಂಪಣ್ಣನದು. ದಪ್ಪ ಕೋಟು, ಮೊಣಕಾಲಿನವರೆಗೆ ರಬ್ಬರ್ ಬೂಟು ತೊಟ್ಟ ಆತ ಗೋಡೆಗೆ ಅಂಟಿ ನಿಂತಿದ್ದ.

“ಬಾಟಲಿ ಬದಲಾಯಿಸಿದ್ದು ಯಾರು?”

“ಗೊತ್ತಿಲ್ಲ ಸಾಹೇಬ್ರೆ.”

“ನಿನ್ನ ಹತ್ರ ಕೀಲಿ ಇತ್ತು.”

“ಇತ್ತು.”

“ಯಾರಿಗಾದ್ರೂ ಕೊಟ್ಟಿದ್ಯಾ?”

“ಇಲ್ಲ.”

ಬಾಮಕ್ಕ ಇನ್‌ಸ್ಪೆಕ್ಟರ ಕಿವಿಯ ಹತ್ತಿರ ಬಂದು, “ಇವನೇ ಸಾರ್. ಕರ್ಕೊಂಡು ಹೋಗಿ ಎರಡು ಗದರಿಸಿದ್ರೆ ಬಾಯಿ ಬಿಡ್ತಾನೆ,” ಎಂದಳು.

“ಇವನೇ ಅಂತ ನಂಗೂ ಕಾಣುತ್ತೆ. ಯಾಕೆ ಅಂತ ಕಾಣ್ತಿಲ್ಲ. ಹೆದರಿಸಿದ್ರೆ ಮೊದಲು ಬಾಯಿಗೆ ಬಂದ ಜಾಗ ಹೇಳ್ತಾನೆ. ನಾವು ಅಲ್ಲಿ ಹುಡುಕ್ತಿರುವಾಗ ಇನ್ನೆಲ್ಲೋ ಯಾರೋ ಕುಡಿದುಬಿಟ್ರೆ?”

ಶೀತಲ ಕೋಣೆಯಿಂದ ಬಾಟಲಿಗಳು ಎಲ್ಲಿಗೆ ಹೋಗುತ್ತವೆ ಎಂದು ನೋಡಲು ಪಕ್ಕದ ರುಚಿ ಕೋಣೆಗೆ ಹೋದರು. ಬಿಳಿ ಗೋಡೆ, ಬಿಳಿ ಮೇಜು, ಮೂವರು ಹೆಂಗಸರು. ದಿನದ ರಸವನ್ನು ಮೊದಲು ಮೂಸಿ, ಸರಿಯಿದ್ದರೆ ಮಾತ್ರ ಒಂದು ಗುಟುಕು ಕುಡಿದು ನೋಡುವುದು ಅವರ ಕೆಲಸ. ಘಮಘಮಿಸುವ ಸೋಪು ಕೂಡ ಅವರಿಗೆ ವರ್ಜ್ಯ. ಬಾಮಕ್ಕ ಒಳಗೆ ಕಾಲಿಟ್ಟಳೋ ಇಲ್ಲವೋ, ಇಬ್ಬರು ಸೆರಗಿನಿಂದ ಮೂಗು ಮುಚ್ಚಿಕೊಂಡರು.

“ಅಯ್ಯೋ ತಾಯಿ, ಇವತ್ತಿಗೆ ನಮ್ಮ ಕೆಲಸ ಮುಗೀತು. ಹೊರಗೆ ನಿಂತ್ಕೊಳ್ಳಿ,” ಎಂದಳು ಒಬ್ಬಳು.

“ಪೊಲೀಸ್ನೋರನ್ನೇ ಹೊರಗೆ ಹಾಕ್ತೀರಲ್ರೀ,” ಎಂದು ಬಾಮಕ್ಕ ಹಣೆ ಒರೆಸಿಕೊಂಡಳು.

ಮೂರನೆಯವಳು ಎಲ್ಲರಿಗಿಂತ ಹಳಬಳು, ರುಚಿಯಕ್ಕ. ತಂಪಣ್ಣನ ಹೆಂಡತಿ. ಎದ್ದು ಬಂದು ಬಾಮಕ್ಕನ ಕೈಗೆ ನೀರಿನ ಲೋಟ ಕೊಟ್ಟು, “ಕೂತ್ಕೊಳ್ಳಮ್ಮ, ಬಿಸಿಲಲ್ಲಿ ಬಂದಿದೀಯ,” ಎಂದಳು. ಆಮೇಲೆ ಉಳಿದಿಬ್ಬರ ಮುಖ ನೋಡಿದಳು. ನೋಡಿ, ತಾನೂ ಮೂಗು ಮುಚ್ಚಿಕೊಂಡಳು.

ಇನ್‌ಸ್ಪೆಕ್ಟರಿಗೆ ತಮ್ಮ ಅಮ್ಮ ನೆನಪಾದಳು. ಕಿವಿ ಹೋದ ಮೇಲೆ ಅಮ್ಮ ಹೀಗೆಯೇ ಪಕ್ಕದವರ ಮುಖ ನೋಡಿ ನಗುತ್ತಿದ್ದಳು, ಎಲ್ಲರೂ ನಕ್ಕು ಮುಗಿಸುವ ಹೊತ್ತಿಗೆ. ಅದು ಮನೆಯವರಿಗೆ ತಿಳಿಯಲು ವರ್ಷವೇ ಹಿಡಿದಿತ್ತು.

ಅವರು ಏನೂ ಕೇಳದೆ ಶೀತಲ ಕೋಣೆಗೆ ಹಿಂದಿರುಗಿದರು. ಎಲ್ಲರನ್ನೂ ಹೊರಗೆ ಕಳಿಸಿ, ಖಾಲಿ ಕ್ರೇಟೊಂದನ್ನು ಮಗುಚಿ ತಂಪಣ್ಣನ ಎದುರು ಕೂತರು.

“ನಿನ್ನ ಹೆಂಡತಿಗೆ ವಾಸನೆ ಹೋಗಿ ಎಷ್ಟು ದಿನ ಆಯ್ತಪ್ಪ?”

ತಂಪಣ್ಣ ಉಸಿರು ಬಿಟ್ಟ. ಚಳಿಗೆ ಅದು ಹೊಗೆಯಾಗಿ ಅವನ ಮುಖವನ್ನೇ ಒಂದು ಕ್ಷಣ ಮುಚ್ಚಿತು.

“ಆ ಜ್ವರ ಬಂತಲ್ಲ, ಆವಾಗಿಂದ. ಅವಳಾಗಿ ಹೇಳಿಲ್ಲ ಸಾಹೇಬ್ರೆ. ನಂಗೊತ್ತು ಅಂತ ಅವಳಿಗೆ ಗೊತ್ತಿಲ್ಲ.”

“ನಿಂಗೆ ಹೇಗೆ ಗೊತ್ತಾಯ್ತು?”

“ಇಡೀ ದಿನ ಈ ಬೂಟಲ್ಲೇ ಇರ್ತೀನಿ. ಮನೆಗೆ ಹೋದ ತಕ್ಷಣ ಕಾಲುಚೀಲದ ವಾಸನೆಗೆ ಬಯ್ಯೋಳು. ಮದುವೆಯಾದಾಗಿಂದ ಬಯ್ಯದ ದಿನ ಇಲ್ಲ. ಜ್ವರ ಬಿಟ್ಟ ಮೇಲೆ ಒಂದಿನಾನೂ ಬಯ್ಲಿಲ್ಲ.” ಅವನು ಬೂಟಿನ ತುದಿ ನೋಡುತ್ತ ಹೇಳಿದ. “ಮೊದಮೊದಲು ಖುಷಿಯಾಯ್ತು. ಆಮೇಲೆ ಹೆದರಿಕೆ ಶುರುವಾಯ್ತು.”

“ಏನಂತ?”

“ಈ ಕೋಣೇಲಿ ಇಟ್ಟಿದ್ದೆಲ್ಲ ಅವಳ ಮೇಜಿಗೇ ಹೋಗೋದು. ಮೇಡಂ ಕೆಟ್ಟಿದ್ದನ್ನ ಒಳ್ಳೇದ್ರ ಜೊತೆ ಬೆರೆಸಿಟ್ರು. ಮಿಕ್ಕೋರು ಮೂಸಿ ಪಕ್ಕಕ್ಕಿಡ್ತಾರೆ. ಇವಳಿಗೆ ಗೊತ್ತಾಗಲ್ಲ, ಕುಡಿದುಬಿಡ್ತಾಳೆ. ಹೇಳಿದ್ರೆ ಕೆಲಸ ಹೋಗುತ್ತೆ. ಆ ಮೇಜು ಬಿಟ್ರೆ ಅವಳಿಗೆ ಬೇರೆ ಲೋಕ ಇಲ್ಲ.”

“ಬರೀ ನಂಬರಿನ ಚೀಟಿ ಇತ್ತಲ್ಲ. ಕೆಟ್ಟಿದ್ದು ಯಾವುದು ಅಂತ ಹೇಗೆ ಗೊತ್ತು?”

“ಮಿಕ್ಕಿದ್ದನ್ನೆಲ್ಲ ಬರೀ ಕೈಲಿ ತಂದ್ರು. ಆ ಮೂರನ್ನ ಕೈಗವಸು ಹಾಕ್ಕೊಂಡು ತಂದ್ರು.”

“ಆ ಮೂರೂ ಈಗ ಎಲ್ಲಿ?”

“ಮುಚ್ಚಳ ಸಮೇತ ಕುದಿಯೋ ನೀರಲ್ಲಿ ಬೇಯಿಸಿ ರಸ ಚೆಲ್ಲಿಬಿಟ್ಟೆ. ಬಾಟಲಿ ಬಾಯ್ಲರ್ ಹಿಂದಿದೆ. ಯಾರೂ ಕುಡಿದಿಲ್ಲ ಸಾಹೇಬ್ರೆ. ಅವಳಾಣೆ.”

ಬಾಯ್ಲರಿನ ಹಿಂದೆ, ಗೋಣಿಯ ಅಡಿಯಲ್ಲಿ, ತೊಳೆದು ಬೋರಲು ಹಾಕಿದ ಮೂರು ಖಾಲಿ ಬಾಟಲಿ ಸಿಕ್ಕವು. ಸಂಜೆ ನಾಲ್ಕಕ್ಕೆ ಎರಡನೆಯ ಪಂಚನಾಮೆ. ಲ್ಯಾಬ್ ಮೇಡಂ ಬಾಟಲಿಗಳನ್ನು ಗುರುತಿಸಿದರು, ಕಾರಣ ಕೇಳಿ ಅಲ್ಲೇ ಇದ್ದ ಪೈಪಿನ ಮೇಲೆ ಕೂತುಬಿಟ್ಟರು.

“ಪರೀಕ್ಷೆಯ ಬಾಟಲಿ ರುಚಿ ಮೇಜಿಗೆ ಹೋಗೋದೇ ಇಲ್ಲ ತಂಪಣ್ಣ. ನೇರ ಲ್ಯಾಬಿಗೆ ಬರುತ್ತೆ. ಒಂದು ಮಾತು ಕೇಳಬಾರದಿತ್ತಾ?”

“ಕೇಳಿದ್ರೆ ಯಾಕೆ ಅಂತ ನೀವು ಕೇಳ್ತಿದ್ರಿ.”

ಮೇಡಂ ತಮ್ಮ ಕೈಗಳನ್ನೇ ನೋಡಿಕೊಂಡು, “ಪರೀಕ್ಷೆ ಮೊದಲಿಂದ ಮಾಡ್ತೀವಿ. ಎಲ್ಲಾ ಬಾಟಲಿಗೂ ಕೈಗವಸು,” ಎಂದರು.

ದೂರು ದಾಖಲಾಗಿತ್ತು, ಮಾಲು ಸಿಕ್ಕಿತ್ತು, ಆರೋಪಿ ಒಪ್ಪಿದ್ದ. ಬಂಧಿಸದೆ ದಾರಿಯಿರಲಿಲ್ಲ. ಬಾಮಕ್ಕ ಕೈಕೋಳ ಹೊರತೆಗೆದಾಗ ಇನ್‌ಸ್ಪೆಕ್ಟರ್ ಬೇಡವೆಂದು ತಲೆಯಾಡಿಸಿದರು. ತಂಪಣ್ಣ ಬೂಟು ಬದಲಿಸುವುದನ್ನೂ ಮರೆತು ಜೀಪು ಹತ್ತಿದ.

ಆರು ಗಂಟೆಗೆ ರುಚಿಯಕ್ಕ ಠಾಣೆಗೆ ಬಂದಳು. ಜಾಮೀನಿನ ವಿಷಯ ನಾಳೆ ಎಂದು ರೈಟರ್ ಹೇಳಿದ. ಅವಳು ಇನ್‌ಸ್ಪೆಕ್ಟರ ಮುಂದೆ ನಿಂತು, “ಮೇಡಂಗೆ ನಾನೇ ಎಲ್ಲಾ ಹೇಳಿ ಬಂದೆ,” ಎಂದಳು.

“ಏನಂದ್ರು?”

“ಮೊದಲು ಡಾಕ್ಟರ ಹತ್ರ ಹೋಗೋಣ, ನಾನೂ ಬರ್ತೀನಿ ಅಂದ್ರು. ಮೇಜಿನ ಮಾತು ಆಮೇಲೆ ಅಂತೆ.” ಕಣ್ಣೊರೆಸಿಕೊಂಡಳು. “ನಮ್ಮನೆಯವರಿಗೆ ಮೊದಲೇ ಗೊತ್ತಿತ್ತಾ ಸಾರ್?”

“ಮೊದಲಿಂದಲೂ.”

ಇನ್‌ಸ್ಪೆಕ್ಟರ್ ಅವಳನ್ನು ಲಾಕಪ್ಪಿನ ತನಕ ಕರೆದುಕೊಂಡು ಹೋದರು. ತಂಪಣ್ಣ ಬೂಟು ಬಿಚ್ಚಿ ಪಕ್ಕಕ್ಕಿಟ್ಟು, ಒದ್ದೆ ಕಾಲುಚೀಲದಲ್ಲೇ ಗೋಡೆಗೊರಗಿ ಕೂತಿದ್ದ. ಹೆಂಡತಿಯನ್ನು ಕಂಡು ತಲೆ ತಗ್ಗಿಸಿದ. ಅವಳು ಕಂಬಿ ಹಿಡಿದು ಅವನ ಒದ್ದೆ ಕಾಲುಚೀಲ ನೋಡಿದಳು. ಆಮೇಲೆ ಸೆರಗು ಎತ್ತಿ ಮೂಗು ಮುಚ್ಚಿಕೊಂಡಳು.

“ಏನ್ರೀ ಅದು ವಾಸನೆ. ಆ ಕಾಲುಚೀಲ ಬಿಚ್ಚಿ ಕೊಡಿ ಇಲ್ಲಿ. ಠಾಣೆಯೋರು ಬದುಕಬೇಕೋ ಬೇಡ್ವೋ?”

ತಂಪಣ್ಣ ಒಂದೊಂದಾಗಿ ಕಾಲುಚೀಲ ಬಿಚ್ಚಿ, ಕಂಬಿಯ ಸಂದಿನಿಂದ ಅವಳ ಕೈಗೆ ಕೊಟ್ಟ.