ತಂತಿ ಕಿತ್ತ ಹಲಗೆ

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಆವಲಪ್ಪ ಹಲಗೆಯ ಮೇಲಿನ ಬಟ್ಟೆ ಎತ್ತಿದ. ಅದರಲ್ಲಿ ಒಂದೇ ಒಂದು ತಂತಿಯೂ ಇರಲಿಲ್ಲ.

ಬರೀ ತೂತುಗಳು. ಮುನ್ನೂರು ತಂತಿಗಳಿದ್ದ ಹಲಗೆ ಬೋಳಾಗಿ ಬಿದ್ದಿತ್ತು. ಆವಲಪ್ಪ "ಅಯ್ಯೋ!" ಎಂದು ಕೂಗಿದ ಕೂಗಿಗೆ ಶಿಡ್ಲಘಟ್ಟದ ಆ ಕಚೇರಿಯಲ್ಲಿದ್ದವರೆಲ್ಲ ಓಡಿಬಂದರು.

ಅದು ರೇಷ್ಮೆ ಬಿತ್ತನೆ ಮೊಟ್ಟೆಗಳ ತಪಾಸಣೆಯ ಕಚೇರಿ. ಸುತ್ತಲ ಊರುಗಳಿಂದ ಮೊಟ್ಟೆಗಳು ಬರುತ್ತಿದ್ದವು. ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಹುಳುಗಳನ್ನು ಕೊಲ್ಲುವ ಗಂಟುರೋಗ ಉಂಟೋ ಇಲ್ಲವೋ ಎಂದು ರಟ್ಟಿನ ಕಾರ್ಡಿನಲ್ಲಿ ತೂತು ಹಾಕುತ್ತಿದ್ದರು. ಆ ಕಾರ್ಡುಗಳನ್ನು ಓದಿ ಯಾವ ಊರಿನ ಯಾವ ಮೊಟ್ಟೆ ಸುಡಬೇಕು ಎಂಬ ಪಟ್ಟಿಯನ್ನು ಅಚ್ಚು ಹಾಕುವುದು ಯಂತ್ರದ ಕೆಲಸ; ಉಳಿದವು ಆಯಾ ಊರಿಗೇ ವಾಪಸು. ಯಂತ್ರಕ್ಕೆ ಬುದ್ಧಿ ಹೇಳುತ್ತಿದ್ದದ್ದು ಈ ಹಲಗೆ. ಯಾವ ತೂತಿನಿಂದ ಯಾವ ತೂತಿಗೆ ತಂತಿ ಹೋಗಬೇಕೆಂಬುದು ಆವಲಪ್ಪನ ತಲೆಯಲ್ಲಿ ಬಿಟ್ಟರೆ ಇನ್ನೆಲ್ಲೂ ಇರಲಿಲ್ಲ. ಒಂದು ನಕ್ಷೆ ಬರೆದಿಡಿ ಎಂದು ಎಂಟು ವರ್ಷದಿಂದ ಹೇಳಿದವರೂ ಇಲ್ಲ, ಬರೆದವರೂ ಇಲ್ಲ. ಸರ್ಕಾರಿ ಕಚೇರಿ, ಕೇಳಬೇಕೆ!

ಮಧ್ಯಾಹ್ನದ ಬಸ್ಸಿಗೆ ಚಿಂತಾಮಣಿಯಿಂದ ಚೆನ್ನರಾಯಪ್ಪ ಬಂದಿಳಿದರು. ಸಬ್‌ಇನ್‌ಸ್ಪೆಕ್ಟರ್ ಆಗಿ ನಿವೃತ್ತಿಯಾಗಿ ಎರಡು ವರ್ಷ. ಹೆಂಡತಿ ಸುಬ್ಬಲಕ್ಷ್ಮಮ್ಮ ತೀರಿಕೊಂಡು ಆರು ತಿಂಗಳು. ಈ ಆರು ತಿಂಗಳಲ್ಲಿ ಅವರು ಅತ್ತಿರಲಿಲ್ಲ. ಊಟ ಮಾಡುತ್ತಿದ್ದರು, ರುಚಿ ತಿಳಿಯುತ್ತಿರಲಿಲ್ಲ. ಯಾರಾದರೂ ಕರೆದರೆ ಹೋಗುತ್ತಿದ್ದರು, ಕರೆಯದಿದ್ದರೆ ಜಗಲಿಯ ಮೇಲೆ ಕೂತಿರುತ್ತಿದ್ದರು. ಕಚೇರಿಯ ಮುಖ್ಯಸ್ಥ ನರಸಪ್ಪ ಅವರ ಹಳೆಯ ಸ್ನೇಹಿತ. ಆತ ಕರೆದಿದ್ದ, ಬಂದಿದ್ದರು.

"ಪೊಲೀಸಿಗೆ ಯಾಕೆ ಹೇಳಲಿಲ್ಲ?"

"ಐದು ಗಂಟೆಗೆ ಹೇಳ್ತೀನಪ್ಪ. ಕಾಗದ ಬರೆದಿಟ್ಟಿದ್ದೀನಿ" ಎಂದ ನರಸಪ್ಪ. "ಗುರುವಾರ ಹೊಸ ಯಂತ್ರ ಬರುತ್ತೆ, ಕಂಪ್ಯೂಟರು. ಮೇಲಿನೋರೆಲ್ಲ ಬರ್ತಾರೆ. ಅಷ್ಟರಲ್ಲಿ ಯಾರನ್ನಾದ್ರೂ ಹಿಡಿದು ಕೊಡಬೇಕು. ನೀನೊಂದು ಸಲ ನೋಡು, ಅಷ್ಟೇ."

"ಕಾಗದದಲ್ಲಿ ಯಾರ ಹೆಸರಿದೆ?"

"ಆಂಜಿನಮ್ಮ ಅಂತ. ಕಾರ್ಡಿಗೆ ತೂತು ಹಾಕೋ ಹುಡುಗಿ. ಮೊದಲ ಬಸ್ಸಿಗೆ ಬರ್ತಾಳೆ, ಎಂಟಕ್ಕೆ ಬೀಗ ತೆಗೀತಾಳೆ. ಒಂಬತ್ತರವರೆಗೂ ಒಬ್ಬಳೇ. ಹೊಸ ಯಂತ್ರ ಬಂದ್ರೆ ಕೆಲಸ ಹೋಗುತ್ತೆ ಅಂತ ಹೊಟ್ಟೆಕಿಚ್ಚಿಗೆ ಮಾಡಿದ್ದಾಳೆ."

"ಒಪ್ಪಿಕೊಂಡ್ಳಾ?"

"ಇಲ್ಲ ಅನ್ನಲಿಲ್ಲ!"

ಆಂಜಿನಮ್ಮ ಗೋಡೆಗೆ ಒರಗಿ ನಿಂತಿದ್ದಳು. ಇಪ್ಪತ್ತೆರಡು ವರ್ಷವಿರಬಹುದು. ಕಣ್ಣಲ್ಲಿ ನೀರಿಲ್ಲ, ಭಯವಿಲ್ಲ, ಕೋಪವೂ ಇಲ್ಲ. ಆ ಮುಖವನ್ನು ಚೆನ್ನರಾಯಪ್ಪ ದಿನವೂ ಕ್ಷೌರದ ಕನ್ನಡಿಯಲ್ಲಿ ನೋಡುತ್ತಿದ್ದರು.

"ಕೂತ್ಕೊಳಮ್ಮ. ನೀನು ಕಿತ್ತೆಯಾ?"

"ಇಲ್ಲ ಸಾರ್."

"ಮತ್ತೆ ಬೆಳಿಗ್ಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಕೇಳೋರು ಯಾರು ಸಾರ್? ಮನೇಲೂ ಹಂಗೇ. ಹುಳು ಸತ್ರೂ ನಾನೇ ಕಾರಣ, ಮಳೆ ಬರದಿದ್ರೂ ನಾನೇ. ರೂಢಿ ಆಗೋಗಿದೆ."

"ಯಾವ ಹುಳು?"

"ರೇಷ್ಮೆ ಹುಳು. ನಮ್ಮದು ಕಂಬಾಲಹಳ್ಳಿ. ನಾನು ಸ್ಕೂಲು ಮುಗಿಸಿ ಹುಳುಮನೇಲಿ ಸೊಪ್ಪು ಹಾಕೋಕೆ ನಿಂತ ವರ್ಷವೇ ಹುಳು ಸತ್ತೋದ್ವು. ಮೂರು ಬೆಳೆ, ಒಂದರ ಹಿಂದೆ ಒಂದು. ನನ್ನ ಕಾಲ್ಗುಣ ಅಂದ್ರು. ನಮ್ಮಮ್ಮ ನನ್ನ ಹುಳುಮನೆ ಹೊಸ್ತಿಲು ತುಳಿಯೋಕೆ ಬಿಡಲಿಲ್ಲ. ಅಪ್ಪ ಸೊಪ್ಪಿನ ಗಿಡ ಎಲ್ಲಾ ಕಿತ್ತು ರಾಗಿ ಹಾಕಿದ್ರು. ಆಮೇಲೆ ಇಲ್ಲಿಗೆ ಬಂದೆ."

ಇಷ್ಟನ್ನೂ ಅವಳು ಕಾರ್ಡು ಓದಿದ ಹಾಗೆ ಹೇಳಿದಳು. ಚೆನ್ನರಾಯಪ್ಪನವರಿಗೆ ಕನಿಕರ ಬರಬೇಕಿತ್ತು. ಬರಲಿಲ್ಲ. ಬರಬೇಕಿತ್ತು ಎಂಬುದಷ್ಟೇ ತಿಳಿಯಿತು.

ಅವರು ಹಲಗೆಯ ಬಳಿಗೆ ಹೋದರು. ಪಕ್ಕದಲ್ಲಿ ಮರದ ತಟ್ಟೆ. ಕಿತ್ತ ತಂತಿಗಳೆಲ್ಲ ಅದರಲ್ಲೇ ಇದ್ದವು: ಗಿಡ್ಡ ಹಳದಿ ಒಂದು ಗೂಡಿನಲ್ಲಿ, ಕೆಂಪು ಇನ್ನೊಂದರಲ್ಲಿ, ಉದ್ದನೆಯ ನೀಲಿ ಮತ್ತೊಂದರಲ್ಲಿ. ತಟ್ಟೆಯ ಮೂಲೆಯಲ್ಲಿ ನಶ್ಯದ ಹಳೆಯ ಡಬ್ಬಿ. ಒಳಗೆ ಏಳು ತಂತಿ.

"ಇದೇನು?"

ಹಳೆಯ, ಹೊಸ ಎರಡೂ ಯಂತ್ರಗಳ ಕಂಪನಿಯಿಂದ ಬಂದಿದ್ದ ಎಂಜಿನಿಯರ್ ಕೋನಪ್ಪ ಉತ್ತರ ಕೊಟ್ಟ. "ಅದು ಕೆಟ್ಟ ತಂತಿಗಳ ಡಬ್ಬಿ ಸಾರ್. ಹಿಡಿತ ಬಿಟ್ಟೋದ ತಂತೀನ ಆವಲಪ್ಪನೋರು ಅದಕ್ಕೆ ಹಾಕ್ತಾರೆ. ನಾನು ಬಂದಾಗ ಬದಲಾಯಿಸಿ ಕೊಡ್ತೀನಿ."

"ಕೊನೇ ಸಲ ಯಾವಾಗ ತಗೊಂಡ್ರಿ?"

"ಶನಿವಾರ ಹನ್ನೆರಡಕ್ಕೆ. ಡಬ್ಬಿ ಖಾಲಿ ಮಾಡಿದ್ದೆ. ಆಗ ಹಲಗೆ ಓಡ್ತಾ ಇತ್ತು, ನಾನೇ ನೋಡಿದೀನಿ."

"ಆಮೇಲೆ ಹಲಗೆ ನೋಡಿದೋರು ಯಾರು?"

ಆವಲಪ್ಪ ಕೆಮ್ಮಿ ಹೇಳಿದ: "ನಾನೇ ಸಾರ್. ಒಂದು ಗಂಟೆಗೆ ಎಲ್ಲರೂ ಹೊಸ ಯಂತ್ರದ ರೂಮು ನೋಡೋಕೆ ಹೋದ್ರು. ನಾನು ಬಟ್ಟೆ ಹೊದಿಸಿ ಆಮೇಲೆ ಹೋದೆ. ಆಗ ಎಲ್ಲಾ ಸರಿಯಾಗಿತ್ತು."

"ಎಷ್ಟು ಹೊತ್ತಿನ ಮೇಲೆ ಹೋದ್ರಿ?"

"ಸ್ವಲ್ಪ ಹೊತ್ತು... ಮುಕ್ಕಾಲು ಗಂಟೆ ಆಗಿರಬೇಕು. ತಲೆನೋವಿತ್ತು."

ಆವಲಪ್ಪನಿಗೆ ಐವತ್ತು ದಾಟಿತ್ತು. ತೆಳ್ಳನೆಯ ಆಸಾಮಿ, ಅಚ್ಚುಕಟ್ಟಾದ ಪಂಚೆ. ಹಲಗೆ ಹೋಯಿತೆಂದು ಬೆಳಿಗ್ಗೆಯಿಂದ ಊಟವನ್ನೂ ಮಾಡಿಲ್ಲ ಎಂದು ನರಸಪ್ಪ ಹೇಳಿದ್ದ. ಅವನ ಮೇಜಿನ ಮೇಲೆ ನೂರು ಪುಟದ ಒಂದು ನೋಟ್‌ಬುಕ್ಕು. ರಟ್ಟಿನ ಮೇಲೆ ದುಂಡಗಿನ ಅಕ್ಷರ: 'ಮುಂದೆ ಬರುವ ಯಂತ್ರ'.

ಚೆನ್ನರಾಯಪ್ಪ ತೆರೆದು ಓದಿದರು.

'ಮುಂದಿನ ಯಂತ್ರಕ್ಕೆ ತಂತಿ ಹಲಗೆ ಇರುವುದಿಲ್ಲ. ಆಜ್ಞೆಗಳು ಕಾರ್ಡಿನಿಂದಲೇ ಒಳಗೆ ಹೋಗಿ ಅದರ ನೆನಪಿನಲ್ಲಿ ಕೂರುತ್ತವೆ. ಒಂದು ಯಜಮಾನ ಆಜ್ಞೆಪಟ್ಟಿ ಸದಾ ಒಳಗೇ ಇದ್ದು, ಒಂದು ಕೆಲಸ ಮುಗಿದ ಕೂಡಲೇ ಇನ್ನೊಂದನ್ನು ತಾನೇ ಕರೆಯುತ್ತದೆ. ಅದರ ನಂತರದ ಯಂತ್ರದಲ್ಲಿ ಕಾರ್ಡೂ ಹೋಗಿ ಟೇಪು ಬರುತ್ತದೆ...'

"ಇದು ನಿಜವೇನ್ರೀ ಕೋನಪ್ಪ?"

ಕೋನಪ್ಪ ಪುಟ ತಿರುವಿದ. ತಿರುವುತ್ತಾ ಅವನ ಹುಬ್ಬು ಮೇಲೇರಿತು. "ಸಾರ್, ಗುರುವಾರ ಬರೋ ಯಂತ್ರ ಹೆಚ್ಚುಕಮ್ಮಿ ಹಿಂಗೇ ಇದೆ! ಟೇಪಿನ ವಿಷಯ ನಮ್ಮ ಕಂಪನಿಯೋರು ಇನ್ನೂ ಹೊರಗೆ ಹೇಳೇ ಇಲ್ಲ. ಆವಲಪ್ಪನೋರೇ, ಯಾರು ಹೇಳಿದ್ರು ನಿಮಗೆ?"

"ಯಾರೂ ಹೇಳಲಿಲ್ಲಪ್ಪ" ಎಂದ ಆವಲಪ್ಪ. ಅವನ ದನಿಯಲ್ಲಿ ಸಣ್ಣದೊಂದು ಹೆಮ್ಮೆ ಇಣುಕಿತು. "ದಿನಾ ತಂತಿ ಸಿಗಿಸೋನಿಗೆ ಎಲ್ಲಿ ಕಷ್ಟ ಅಂತ ಗೊತ್ತಿರುತ್ತೆ. ಯಂತ್ರ ಮಾಡೋನು ಮುಂದೆ ಅದನ್ನೇ ತೆಗೀತಾನೆ. ಅಷ್ಟೇ ಊಹೆ."

ಪುಟ ನಲವತ್ತರಲ್ಲಿ ಹೊಸ ಕಾರ್ಡಿನ ಚಿತ್ರವಿತ್ತು. ಅಂಕಿಗೊಂದರಂತೆ ಕಾರ್ಡಿನ ಮನೆಗಳನ್ನು ಗೆರೆ ಎಳೆದು ಹಂಚಿದ್ದ. 'ಊರಿನ ನಂಬರು: ಮೂರು ಮನೆ' ಎಂದು ಬರೆದು ಅಡಿಗೆರೆ ಎಳೆದಿದ್ದ. ಮೂರು ಗೆರೆ. ಕೊನೆಯ ಪುಟದಲ್ಲಿ ಒಂದೇ ಸಾಲು: 'ಮೊದಲ ತಿಂಗಳು ಎರಡನ್ನೂ ಓಡಿಸುತ್ತಾರೆ.'

"ಏನಿದು, ಎರಡನ್ನೂ ಓಡಿಸೋದು?"

"ಅದು ಪದ್ಧತಿ ಸಾರ್" ಎಂದ ಕೋನಪ್ಪ. "ಒಂದೇ ಕಾರ್ಡು ಹಳೇ ಯಂತ್ರದಲ್ಲೂ ಓಡಿಸ್ತೀವಿ, ಹೊಸದರಲ್ಲೂ ಓಡಿಸ್ತೀವಿ. ಎರಡು ಪಟ್ಟೀನೂ ಸಾಲು ಸಾಲು ತಾಳೆ ನೋಡ್ತೀವಿ. ಈಗ ಹಲಗೇನೇ ಇಲ್ಲ, ಇನ್ನೇನು ತಾಳೆ!"

ಚೆನ್ನರಾಯಪ್ಪ ಬೆಂಚಿನ ಮೇಲೆ ಕೂತಿದ್ದ ಹುಡುಗಿಯತ್ತ ತಿರುಗಿದರು. "ಆಂಜಿನಮ್ಮ, ನಿಮ್ಮೂರಿನ ನಂಬರು ಎಷ್ಟು?"

"ನೂರ ನಾಲ್ಕು ಸಾರ್. ಅರವತ್ತಮೂರರಲ್ಲಿ ಹೊಸದಾಗಿ ಸೇರಿದ್ದು."

"ಕಾರ್ಡಿನಲ್ಲಿ ಹೆಂಗೆ ತೂತು ಹಾಕ್ತೀಯ?"

"ಒಂದು, ಸೊನ್ನೆ, ನಾಲ್ಕು."

"ಸುಡೋ ಪಟ್ಟೀಲಿ ಹೆಂಗೆ ಬರುತ್ತೆ?"

"ಸೊನ್ನೆ ನಾಲ್ಕು ಅಂತ ಬರುತ್ತೆ. ಮೊದಲಿನ ಒಂದು ಎಲ್ಲಿ ಹೋಯ್ತು ಅಂತ ಹೋದ ವರ್ಷ ಆವಲಪ್ಪನೋರನ್ನ ಕೇಳಿದ್ದೆ. ಮೆಷಿನ್ನು ಅದನ್ನ ಮನಸ್ಸಲ್ಲೇ ಇಟ್ಕೊಂಡಿರುತ್ತೆ ಅಂದ್ರು. ಸುಡೋರಿಗೆ ಗೊತ್ತಿರುತ್ತೆ ಅನ್ಕೊಂಡೆ."

"ನರಸಪ್ಪ, ನಾಲ್ಕನೇ ನಂಬರಿನ ಊರು ಯಾವುದು?"

"ಪೆರೇಸಂದ್ರ. ಯಾಕೆ?"

ಚೆನ್ನರಾಯಪ್ಪ ಡಬ್ಬಿಯ ಏಳು ತಂತಿಯನ್ನು ಮೇಜಿನ ಮೇಲೆ ಸುರಿದರು. ತಟ್ಟೆಯಿಂದ ಇನ್ನೊಂದು ಹಿಡಿ ತಂತಿ ತೆಗೆದು ಅದರೊಂದಿಗೆ ಕಲಸಿದರು.

"ಕೋನಪ್ಪ, ಇದರಲ್ಲಿ ಕೆಟ್ಟದ್ದು ಯಾವುದು?"

"ನೋಡಿ ಹೇಳೋಕಾಗಲ್ಲ ಸಾರ್. ಲ್ಯಾಂಪಿಗೆ ತಾಗಿಸಿ ಪರೀಕ್ಷೆ ಮಾಡಬೇಕು, ತಂತಿ ಸರಿ ಇದ್ರೆ ಅದು ಹತ್ತುತ್ತೆ."

"ಆಂಜಿನಮ್ಮ?"

"ನಾವು ಹಲಗೆ ಮುಟ್ಟೋ ಹಂಗೇ ಇಲ್ಲ ಸಾರ್."

"ಆಗಲಿ." ಅವರು ತಂತಿಯ ರಾಶಿಯನ್ನು ಆವಲಪ್ಪನ ಮುಂದಕ್ಕೆ ತಳ್ಳಿ ನೋಟ್‌ಬುಕ್ಕು ಕೈಗೆತ್ತಿಕೊಂಡರು. "ಆವಲಪ್ಪನೋರೇ, ಈ ಯಜಮಾನ ಆಜ್ಞೆಪಟ್ಟಿ ಅಂದ್ರೆ ಏನು? ನನ್ನಂಥ ದಡ್ಡನಿಗೆ ತಿಳಿಯೋ ಹಂಗೆ ಹೇಳಿ."

ಆವಲಪ್ಪ ಹೇಳತೊಡಗಿದ. ಒಬ್ಬ ಮೇಸ್ತ್ರಿ ಇದ್ದ ಹಾಗೆ ಎಂದ. ಕೂಲಿಯವರನ್ನು ಒಬ್ಬೊಬ್ಬರನ್ನೇ ಕರೆದು ಕೆಲಸ ಕೊಟ್ಟು ಕಳಿಸುತ್ತಾನೆ ಎಂದ. ಹೇಳುತ್ತಾ ಹೇಳುತ್ತಾ ಅವನ ಮುಖ ಅರಳಿತು. ಇಷ್ಟು ವರ್ಷ ಯಾರೂ ಅವನನ್ನು ಇದನ್ನು ಕೇಳಿರಲಿಲ್ಲ. ಅವನ ಬೆರಳುಗಳು ಮಾತ್ರ ಅವನನ್ನು ಕೇಳದೆಯೇ ತಂತಿಗಳನ್ನು ಒಂದೊಂದಾಗಿ ಎತ್ತಿ, ತುದಿಯನ್ನು ತಿರುವಿ, ಕೆಲವನ್ನು ಎಡಕ್ಕೆ ಇಡುತ್ತಿದ್ದವು.

"ಸಾಕು" ಎಂದರು ಚೆನ್ನರಾಯಪ್ಪ. "ಕೋನಪ್ಪ, ಎಡಗಡೆ ಎಷ್ಟಿವೆ?"

"ಏಳು ಸಾರ್."

"ಲ್ಯಾಂಪಿಗೆ ತಾಗಿಸಿ ನೋಡಿ."

ಕೋನಪ್ಪ ಒಂದೊಂದನ್ನೇ ಲ್ಯಾಂಪಿಗೆ ತಾಗಿಸಿದ. ಒಂದಕ್ಕೂ ಸರಿಯಾಗಿ ಬೆಳಕು ಬರಲಿಲ್ಲ.

ಆವಲಪ್ಪ ತನ್ನ ಕೈಗಳನ್ನೇ ನೋಡುತ್ತಾ ಕೂತ.

"ನರಸಪ್ಪ, ಕೇಳು" ಎಂದರು ಚೆನ್ನರಾಯಪ್ಪ. "ಶನಿವಾರ ಹನ್ನೆರಡಕ್ಕೆ ಡಬ್ಬಿ ಖಾಲಿ. ಇವತ್ತು ಏಳು ತಂತಿ; ಒಂದು ಗಂಟೇಲಿ ಅಷ್ಟು ಕೆಡಲ್ಲ. ಅಂದ್ರೆ ಹಲಗೆ ಕಿತ್ತೋನೇ ಕೆಟ್ಟ ತಂತೀನ ಬೇರೆ ತೆಗೆದಿಟ್ಟಿದ್ದಾನೆ. ನಾಶ ಮಾಡೋವಾಗಲೂ ನಾಳೆಗೆ ಅಂತ ಆರಿಸಿ ಇಟ್ಟಿದ್ದಾನೆ. ಇದು ಬುದ್ಧಿ ಮಾಡಿದ ಕೆಲಸ ಅಲ್ಲ, ಕೈ ಮಾಡಿದ್ದು. ಅದು ಗೊತ್ತಿರೋದು ಒಂದೇ ಕೈಗೆ. ಶನಿವಾರ ಬಟ್ಟೆ ಹೊದಿಸಿದಾಗ ಸರಿಯಾಗಿತ್ತು ಅಂತ ಹೇಳಿದ್ದೂ ಈತ ಒಬ್ಬನೇ. ಬಟ್ಟೆ ಹೊದಿಸೋಕೆ ಮುಕ್ಕಾಲು ಗಂಟೆ ಬೇಕೇನಯ್ಯ?"

"ಆವಲಪ್ಪ ಯಾಕೆ ಮಾಡ್ತಾನೆ? ಅವನ ಮಗು ಇದ್ದಂಗೆ ಅದು!"

"ಅವನು ಹಲಗೆ ಕಟ್ಟಿದಾಗ ಊರುಗಳು ನೂರೂ ಇರಲಿಲ್ಲ. ನಂಬರಿಗೆ ಎರಡೇ ಮನೆಯ ತಂತಿ. ಆಮೇಲೆ ಊರುಗಳು ಸೇರಿದ್ವು, ನೂರರ ಮೇಲೆ. ಈ ಹುಡುಗೀರು ಮೂರು ತೂತು ಹಾಕಿದ್ರು, ಹಲಗೆ ಎರಡನ್ನೇ ಓದ್ತು. ನೂರ ನಾಲ್ಕರ ಮೊಟ್ಟೆಗೆ ರೋಗ ಇದ್ರೆ, ಸುಡೋ ಪಟ್ಟೀಲಿ ಪೆರೇಸಂದ್ರ ಬಂತು. ಅಲ್ಲಿನ ಒಳ್ಳೇ ಮೊಟ್ಟೆ ಬೆಂಕಿಗೆ ಹೋಯ್ತು. ರೋಗದ ಮೊಟ್ಟೆ ವಾಪಸು ಕಂಬಾಲಹಳ್ಳಿಗೆ ಹೋಯ್ತು. ಹೊಸ ಯಂತ್ರದ ಪಟ್ಟಿ ಜೊತೆ ತಾಳೆ ನೋಡಿದ್ರೆ ಮೊದಲನೇ ದಿನವೇ ಬಯಲಾಗ್ತಿತ್ತು. ಹೌದಾ ಆವಲಪ್ಪನೋರೇ?"

ಆವಲಪ್ಪ ಆ ಏಳು ತಂತಿಯನ್ನು ಒಂದೊಂದಾಗಿ ಡಬ್ಬಿಗೆ ಹಾಕಿದ.

"ಮುಂದೆ ಬರೋ ಯಂತ್ರಕ್ಕೆ ಎಷ್ಟು ಮನೆ ಬೇಕು ಅಂತ ಬರೀತಿದ್ದೆ ಸಾರ್" ಎಂದ. "ಈ ಹುಡುಗಿ ಕೇಳಿದ ದಿನ ಸಂಜೆ. ನಾಳೆ ಊರು ಹೆಚ್ಚಾಗಬಹುದು, ಮೂರು ಮನೆ ಇರಲಿ ಅಂತ ಬರೆದೆ. ಬರೆದ ಮೇಲೆ ಹೊಳೀತು, ಊರು ಆಗಲೇ ಹೆಚ್ಚಾಗೋಗಿದೆ ಅಂತ. ಮುಂದಿನದು ಊಹಿಸೋಕೆ ಹೋಗಿ ಹಿಂದಿನದು ಕಂಡುಬಿಡ್ತು."

"ಒಂದು ತಂತಿ ಹಾಕಿದ್ರೆ ಸರಿಹೋಗ್ತಿರಲಿಲ್ವಾ?"

"ಹೋಗ್ತಿತ್ತು. ಎರಡು ನಿಮಿಷದ ಕೆಲಸ. ಆದ್ರೆ ಪಟ್ಟಿ ಬದಲಾಗೋದು. ಯಾಕೆ ಬದಲಾಯ್ತು ಅಂತ ಕೇಳೋರು. ಏಮಿ ಚೇಸೇದಿ ಸಾರ್, ಏನು ಮಾಡೋದು... ನಾಳೆ ಹಾಕಣ, ನಾಳೆ ಹಾಕಣ ಅಂತ ಒಂದು ವರ್ಷ ಹೋಯ್ತು."

"ಆ ವರ್ಷವೂ ರೋಗದ ಮೊಟ್ಟೆ ಹೋಗ್ತಾನೇ ಇತ್ತು."

"ಹೂಂ."

"ಈ ಹೆಣ್ಣುಮಗಳ ಮೇಲೆ ಬಂದಾಗಲೂ ಸುಮ್ಮನಿದ್ರಿ."

ನರಸಪ್ಪ ಮೇಜಿನ ಮೇಲಿದ್ದ ದೂರಿನ ಕಾಗದವನ್ನು ಎತ್ತಿಕೊಂಡು ನಾಲ್ಕಾಗಿ ಹರಿದ. ನೂರರ ಮೇಲಿನ ಊರುಗಳಿಗೆ ಹೊರಟಿದ್ದ ಮೊಟ್ಟೆಗಳನ್ನೆಲ್ಲ ತಡೆಯಿರಿ ಎಂದು ಹೊರಗೆ ಕೂಗಿ ಹೇಳಿದ. ಆಮೇಲೆ ಏನು ಮಾಡುವುದೆಂದು ತಿಳಿಯದೆ ನಿಂತುಕೊಂಡ.

ಎಲ್ಲರೂ ಆಂಜಿನಮ್ಮನನ್ನು ನೋಡಿದರು. ಅವಳು ಬೈಯಬಹುದು, ಅಳಬಹುದು ಎಂದುಕೊಂಡಿದ್ದರು. ಅವಳು ಎರಡನ್ನೂ ಮಾಡಲಿಲ್ಲ. ಲೆಕ್ಕ ಹಾಕುವವಳಂತೆ ಬೆರಳು ಮಡಿಸುತ್ತಿದ್ದಳು.

"ಹಂಗಾದ್ರೆ ನಾನು ಸೊಪ್ಪು ಹಾಕಿದ್ದಕ್ಕಲ್ವಾ ಸಾರ್, ಹುಳು ಸತ್ತಿದ್ದು?"

"ಅಲ್ಲ ತಾಯಿ."

"ಮೂರು ಬೆಳೆಯೂ?"

"ಮೂರೂ. ಮೊಟ್ಟೆ ಇಲ್ಲಿಂದ ಬರೋವಾಗಲೇ ರೋಗ ಇತ್ತು."

ಅವಳು ಎದ್ದು ತನ್ನ ಮೇಜಿನಿಂದ ಒಂದು ಬಿಳಿ ಹಾಳೆ ತಂದು ಅವರ ಮುಂದೆ ಇಟ್ಟಳು. "ಅದನ್ನ ಇದರಲ್ಲಿ ಬರ್ಕೊಡಿ ಸಾರ್. ನಮ್ಮಮ್ಮನ ಹೆಸರಿಗೆ, ಮುನಿಗಂಗಮ್ಮ ಅಂತ. ಅವಳಿಗೆ ಓದೋಕೆ ಬರಲ್ಲ, ನಾನೇ ಓದಿ ಹೇಳ್ತೀನಿ."

ಹೆಂಡತಿ ಸತ್ತ ಮೇಲೆ ಚೆನ್ನರಾಯಪ್ಪ ಪೆನ್ನು ಹಿಡಿದಿರಲಿಲ್ಲ. ಸಾವಿನ ಸುದ್ದಿಯ ಕಾಗದಗಳನ್ನೂ ಮಗಳೇ ಬರೆದಿದ್ದಳು. ಈಗ ನರಸಪ್ಪನ ಪೆನ್ನು ತೆಗೆದುಕೊಂಡು ಬರೆದರು: 'ಹುಳು ಸತ್ತದ್ದು ಮೊಟ್ಟೆಯ ರೋಗದಿಂದ. ತಪ್ಪು ಈ ಕಚೇರಿಯದು. ನಿಮ್ಮ ಮಗಳ ಕಾಲ್ಗುಣದಿಂದ ಅಲ್ಲ.' ಕೊನೆಯ ಸಾಲಿಗೆ ಬರುವಾಗ ದುಃಖವಾಯಿತು. ಅದು ಯಾರಿಗಾಗಿ ಎಂದು ಅವರಿಗೆ ತಿಳಿಯಲಿಲ್ಲ, ಆದರೆ ಆದದ್ದು ದುಃಖವೇ.

"ಸೀಲು ಹಾಕಿಸ್ಕೊಡಿ ಸಾರ್" ಎಂದಳು ಆಂಜಿನಮ್ಮ. "ಸೀಲಿದ್ರೆ ನಂಬ್ತಾಳೆ."

ನರಸಪ್ಪ ಸೀಲು ತೆಗೆದು ಒತ್ತಿದ. ಶಾಯಿ ಒಣಗಿತ್ತು, ಅರ್ಧ ಮಾತ್ರ ಮೂಡಿತು. ಅವಳು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ ಮತ್ತೆ ಅವನ ಮುಂದೆ ಇಟ್ಟಳು.

"ಇನ್ನೊಂದು ಸಲ ಒತ್ತಿ ಸಾರ್."

ನರಸಪ್ಪ ಇನ್ನೊಂದು ಸಲ ಒತ್ತಿದ.