ಎಡಗಡೆಯ ಅಂಕಿಗಳು

ಮಾರ್ಚ್ 28, ಬೆಳಿಗ್ಗೆ 11.20. ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಸೋಪು ಕಾರ್ಖಾನೆಯಲ್ಲಿ ಯಂತ್ರದೊಳಗಿಳಿದು ತೊಳೆಯುತ್ತಿದ್ದ ಅವಳ ಗಂಡ ಸತ್ತಿದ್ದ. ಯಾರೋ ಸ್ವಿಚ್ ಹಾಕಿದ್ದರು.

"ಯಾರ ಮೇಲೆ ಅನುಮಾನ?" ಇನ್‌ಸ್ಪೆಕ್ಟರ್ ಕೇಳಿದರು.

"ನಮ್ಮ ಬಾವನ ಮೇಲೆ. ಇವರ ಒಡಹುಟ್ಟಿದ ಅಣ್ಣ. ಸ್ವಿಚ್ ಹತ್ರ ಇದ್ದಿದ್ದು ಅವರೇ ಅಂತ ಎಂಜಿನಿಯರ್ ಹೇಳಿದ್ರು."

ಎಫ್‌ಐಆರ್ ದಾಖಲಾಯಿತು. ಪಂಚನಾಮೆಯ ವೇಳೆ ಎಂಜಿನಿಯರ್ ಯಂತ್ರದ ದಾಖಲೆಯನ್ನು ಮುದ್ರಿಸಿ ಕೊಟ್ಟ. ಯಂತ್ರ ಚಾಲೂ: 9.05. ಅಣ್ಣ ಸ್ಟೋರಿನಲ್ಲಿ ಸಹಿ ಹಾಕಿದ್ದು 9.15ಕ್ಕೆ, ಅಲ್ಲಿಂದ ಹೊರಟದ್ದು 9.45ಕ್ಕೆ. ಸಹಿಗೆ ಮೊದಲಿನ ಆ ಹತ್ತು ನಿಮಿಷ ಅವನನ್ನು ಲಾಕಪ್ಪಿಗೆ ತಳ್ಳಿತು.

"ನಾನು ಮುಟ್ಟಿಲ್ಲ ಸಾರ್."

"ಕಾಗದ ಬೇರೆ ಹೇಳ್ತಿದೆ."

"ಹಾಗಾದ್ರೆ ಕಾಗದಾನೇ ಬಾಯಿ ಬಿಡಿಸಿ."

ಇನ್‌ಸ್ಪೆಕ್ಟರ್ ನಿಜಕ್ಕೂ ಕಾಗದ ಹಿಡಿದು ಕುಳಿತರು. ಬಲಗಡೆ ಸಮಯ. ಎಡಗಡೆ ಹತ್ತತ್ತು ಅಂಕಿಗಳ ಸಂಖ್ಯೆ. ಕಂಪ್ಯೂಟರ್ ಓದಿ ಲಾಠಿ ಹಿಡಿದವಳೆಂದು ಎಲ್ಲರೂ ಚುಡಾಯಿಸುತ್ತಿದ್ದ ಕಾನ್‌ಸ್ಟೇಬಲ್‌ಳನ್ನು ಕರೆದರು.

"ಇದೇನಮ್ಮಾ?"

"1970ರ ಜನವರಿ ಒಂದರಿಂದ ಕಳೆದ ಸೆಕೆಂಡುಗಳು ಸರ್. ಯಂತ್ರಕ್ಕೆ ತಾರೀಖು ಗೊತ್ತಿಲ್ಲ, ಸುಮ್ನೆ ಎಣಿಸ್ತಾ ಹೋಗುತ್ತೆ. ಅದನ್ನ ತಾರೀಖು ಮಾಡೋದು ಪ್ರೋಗ್ರಾಮ್."

ಅವಳು ನಾಲ್ಕು ಸಾಲು ಬರೆದಳು. ಪರದೆಯ ಮೇಲೆ ಯಂತ್ರ ಚಾಲೂ ಆದ ಹೊತ್ತು 4.05 ಎಂದು ಮೂಡಿತು.

"ನಾಲ್ಕು ಗಂಟೆಗೆ ಕಾರ್ಖಾನೆ ಬೀಗಾನೇ ತೆಗೆದಿರಲ್ಲ!"

"ಇದು ಲೋಕಕ್ಕೆಲ್ಲ ಒಂದೇ ಗಡಿಯಾರ ಸರ್. ನಮ್ಮದು ಐದೂವರೆ ಗಂಟೆ ಮುಂದೆ."

ಮತ್ತೆ ಒತ್ತಿದಳು. 9.35. ಉಳಿದ ಸಾಲುಗಳೆಲ್ಲ ಸರಿಹೊಂದಿದವು, ಈ ಒಂದೇ ಸಾಲು ಅರ್ಧ ಗಂಟೆ ತಪ್ಪಿತ್ತು. ಇನ್‌ಸ್ಪೆಕ್ಟರ್ ಎಡಗಡೆ ಬೆರಳಿಟ್ಟರು. 9.05ರ ಸಂಖ್ಯೆಯ ಕೊನೆಗೆ 4700. ಅದರ ಕೆಳಗೆ, 9.20ರ ಸಂಖ್ಯೆಯ ಕೊನೆಗೆ 3800. ಎಣಿಸುತ್ತ ಹೋಗುವ ಯಂತ್ರ ಹಿಂದಕ್ಕೆ ಎಣಿಸುವುದಿಲ್ಲ.

ಎಂಜಿನಿಯರನ ಕಂಪ್ಯೂಟರ್ ವಶಪಡಿಸಿಕೊಂಡಾಗ ಪ್ರೋಗ್ರಾಮಿನಲ್ಲಿ ಆ ಸಾಲು ಸಿಕ್ಕಿತು: ಈ ಸಂಖ್ಯೆ ಬಂದರೆ 1800 ಸೆಕೆಂಡು ಕಳೆ.

ಸಂಜೆ 4.40ಕ್ಕೆ ಅವನ ಬಂಧನವಾಯಿತು.

"ಎಡಗಡೆ ಯಾಕೆ ಹಾಗೇ ಬಿಟ್ಟೆ?"

"ಅದನ್ನ ಯಾರೂ ಓದಲ್ಲ ಸರ್."

"ಒಳಗೆ ಆಳಿದ್ದಾನೆ ಅಂತ ಗೊತ್ತಿತ್ತಾ?"

"ಹೊರಗೆ ಬಂದಿರ್ತಾನೆ ಅಂದ್ಕೊಂಡೆ. ಸ್ವಿಚ್ ಹಾಕೋ ಮುಂಚೆ ಹೆಸರು ಹಿಡಿದು ಎರಡು ಸಲ ಕೂಗಬೇಕು. ಹತ್ತೊಂಬತ್ತು ವರ್ಷದಿಂದ ಕೂಗಿದೀನಿ."

"ಇವತ್ತು?"

"ಅವನ ಜೊತೆ ಏನೋ ಸಣ್ಣ ಜಗಳ. ಮೂರು ದಿನದಿಂದ ಮಾತು ಬಿಟ್ಟಿದ್ವಿ. ನಾನೇ ಮೊದಲು ಯಾಕೆ ಕರೀಲಿ ಅಂತ..."

ಇನ್‌ಸ್ಪೆಕ್ಟರ್ ಅದನ್ನು ಹೇಳಿಕೆಯಲ್ಲಿ ಹಾಗೆಯೇ ಬರೆದುಕೊಂಡರು.

5.10ಕ್ಕೆ ಲಾಕಪ್ಪಿನ ಬಾಗಿಲು ತೆರೆಯಿತು. ಅಣ್ಣ ತಲೆ ತಗ್ಗಿಸಿಕೊಂಡು, ಹೊರಗೆ ನಿಂತಿದ್ದ ತಮ್ಮನ ಹೆಂಡತಿಯನ್ನು ದಾಟಿ ಹೋಗುತ್ತಿದ್ದ.

"ಬಾವಾ," ಎಂದಳು. ಅವನು ನಿಲ್ಲಲಿಲ್ಲ. ಅವಳು ಇನ್ನೊಂದು ಸಲ ಕರೆದಳು.