ಮೊದಲು ವಿಳಾಸ

"ಸಂಜೆಯೊಳಗೆ ಕಳ್ಳ ಯಾರು ಅಂತ ಗೊತ್ತಾಗಲಿಲ್ಲ ಅಂದ್ರೆ, ಒಡಹುಟ್ಟಿದ ತಮ್ಮನ್ನ ನಾನೇ ಪೊಲೀಸರಿಗೆ ಒಪ್ಪಿಸ್ತೀನಿ!" ಎಂದು ಆಂಬ್ಯುಲೆನ್ಸ್ ಕಚೇರಿಯ ಯಜಮಾನಿ ಬಾಗಿಲಲ್ಲೇ ಗೋಳೋ ಎಂದು ಅತ್ತಳು.

ಸೊಸೆ ನೀರು ತರಲು ಓಡಿದಳು. ಪರರ ಕಷ್ಟವೆಲ್ಲ ಬಂದು ಕೂರುವುದು ಅತ್ತೆಯ ಮುಂದೆ, ನೀರು ಹೊರುವುದು ಸೊಸೆ; ಅತ್ತೆ ಪತ್ತೇದಾರಿಕೆಗೆ ಇಳಿದಾಗಿನಿಂದ ಈ ಮನೆಯ ಕಾನೂನು ಅದೇ.

"ಅಳೋದು ಆಮೇಲಿರಲಿ, ವಿಷಯ ಹೇಳಮ್ಮ" ಎಂದರು ಅತ್ತೆ.

ಹಳೆಯ ಫೋನ್ ಮಾತಿನ ನಡುವೆಯೇ ಸಾಯುತ್ತಿತ್ತೆಂದು ಯಜಮಾನಿಯ ತಮ್ಮ ಮೂರು ಕಂಪನಿಗಳನ್ನು ಅಳೆದು ತೂಗಿ ಹೊಸ ಲೈನ್ ಆರಿಸಿದ್ದ. ಬೇರೆ ಯಾರಿಗೂ ಪಾಲಿಲ್ಲದ, ಕಚೇರಿಗೇ ಮೀಸಲಾದ ಒಂದೇ ತಂತಿ. ಮಾತೂ ಅದರಲ್ಲೇ, ಗಾಡಿಗಳು ಎಲ್ಲಿವೆಯೆಂದು ಪರದೆಯ ಮೇಲೆ ತೋರಿಸುವ ಡೇಟಾವೂ ಅದರಲ್ಲೇ. ಹೊಸ ಲೈನಿನ ಪರೀಕ್ಷೆ ಮುಗಿದ ಮೇಲೆ "ಗಾಡಿ ಬೇಕಿದ್ದರೆ ಒಂದನ್ನು ಒತ್ತಿ" ಎನ್ನುವ ಯಂತ್ರದ ದನಿಯೂ ಬರುವುದಿತ್ತು. ಆದರೆ ಪರೀಕ್ಷೆಯ ವಾರದಲ್ಲೇ, ಮಧ್ಯಾಹ್ನವಾದರೆ ಫೋನ್ ಮೂಕ.

"ನನ್ನ ಮೊಬೈಲಿಂದ ಮಾಡಿದ್ರೆ ಕಿವೀಲಿ ರಿಂಗ್ ಕೇಳುತ್ತೆ, ಮೇಜಿನ ಮೇಲೆ ಸದ್ದೇ ಇಲ್ಲ. ನಿನ್ನೆ ಒಬ್ಬಳು ಬಂದು ಬಾಯಿಗೆ ಬಂದ ಹಾಗೆ ಬೈದಳು. ಅವಳಪ್ಪನಿಗೆ ಎದೆನೋವು. ಫೋನ್ ಮಾಡಿದ್ರೆ ಯಾರೋ ಗಂಡಸು ವಿಳಾಸ ಕೇಳಿ, ಅದನ್ನೇ ತಿರುಗಿ ಒಪ್ಪಿಸಿ, ಕೊನೆಗೆ 'ಗಾಡಿ ಇಲ್ಲ' ಅಂದನಂತೆ! ಆಮೇಲೆ ಕರೆಯದೇನೇ ಬೇರೆ ಕಂಪನಿ ಗಾಡಿ ಬಂತಂತೆ. ಅದು ನನ್ನ ತಮ್ಮನ ಸ್ನೇಹಿತಂದು. ಇನ್ನೇನು ಬೇಕು ಹೇಳಿ?"

"ಅವಳಪ್ಪ?"

"ಬದುಕಿದ, ಸದ್ಯ."

"ಫೋನ್ ಮೂಕವಾದಾಗ ಪರದೆ ಮೇಲೆ ಗಾಡಿಗಳು ಓಡಾಡ್ತಿದ್ವಾ?"

"ಓಡಾಡ್ತಿದ್ವು."

ಅತ್ತೆ ಚಪ್ಪಲಿ ಮೆಟ್ಟಿದರು.

ಕಚೇರಿಯೆಂದರೆ ಒಂದೇ ಕೋಣೆ. ಮೇಜಿನ ಮುಂದೆ ತೋಳು ಸವೆದ ಒಂದು ಕುರ್ಚಿ. ಯಜಮಾನಿಯ ತೀರಿಕೊಂಡ ಅಪ್ಪನ ತಮ್ಮ, ಅಂದರೆ ಅವಳ ಚಿಕ್ಕಪ್ಪ, ಅದರಲ್ಲಿ ಕೂತು ಕರೆ ಎತ್ತುತ್ತಿದ್ದರು. ಗೋಡೆಯ ಮೇಲೆ ಆ ಅಪ್ಪನ ಕೈಬರಹದ ಫಲಕ: "ಮೊದಲು ವಿಳಾಸ, ಆಮೇಲೆ ವಿಷಯ." ಮೂಲೆಯಲ್ಲಿ ಬಟ್ಟೆಯ ಚೀಲ ಕಟ್ಟಿಟ್ಟು ಯಜಮಾನಿಯ ತಮ್ಮ ಕೂತಿದ್ದ.

"ಅಕ್ಕನೇ ನಂಬಲಿಲ್ಲ ಅಂದ್ಮೇಲೆ ಜೈಲಾದ್ರೇನು, ಬೀದಿಯಾದ್ರೇನು?" ಎಂದ.

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಚಿಕ್ಕಪ್ಪ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದರು. ತಮ್ಮನೇ ಎತ್ತಿದ. "ಹಲೋ, ಯಾರು? ಅಯ್ಯೋ, ಏನಾಯ್ತು? ಯಾವಾಗ?" ಲೈನ್ ಕೊಟ್ಟ ಕಂಪನಿಯವರಷ್ಟೇ, ವಿಚಾರಿಸಲು ಮಾಡಿದ್ದರು.

ಮಧ್ಯಾಹ್ನ ಚಿಕ್ಕಪ್ಪ ಊಟಕ್ಕೆ ಹೊರಟರು. ಅತ್ತೆ ಅವರನ್ನು ಬಾಗಿಲಲ್ಲೇ ತಡೆದು, ಎಲ್ಲರನ್ನೂ ಕೂರಿಸಿದರು.

"ತಂತಿ ಕೆಟ್ಟಿದ್ರೆ ಪರದೆನೂ ಕುರುಡಾಗಬೇಕಿತ್ತು. ತಂತಿ ಗಟ್ಟಿಯಾಗೇ ಇದೆ. ಈ ಫೋನಲ್ಲಿ ಕೆಲವು ಗುಂಡಿ ಒತ್ತಿದ್ರೆ, ಬರೋ ಕರೆ ಯಾರ ಮೊಬೈಲಿಗೆ ಬೇಕಾದ್ರೂ ತಿರುಗುತ್ತೆ. ಆಗಿದ್ದು ಅದೇ."

"ನಾನು ಹೇಳಲಿಲ್ವಾ, ಇವನೇ!"

"ತಾಳಮ್ಮ. ಕರೆ ಕದ್ದು ಸ್ನೇಹಿತನಿಗೆ ಕೊಡೋನು 'ಗಾಡಿ ಬರ್ತಿದೆ' ಅಂತಾನೆ. ಫೋನಲ್ಲಿ ಮಾತಾಡಿದೋನು ಇಲ್ಲ ಅಂದ. ಅಂದ್ರೆ ಹೊಸ ಲೈನಿಗೆ ಕೆಟ್ಟ ಹೆಸರು ಬರಬೇಕಿತ್ತು, ಅಷ್ಟೇ. ಸರಿ, ಇಲ್ಲ ಅನ್ನೋನಿಗೆ ವಿಳಾಸ ಯಾಕೆ? ನಾಲಿಗೆಗೆ ಹತ್ತಿದ ರೂಢಿ, ಬಿಡಲಿಲ್ಲ. ವಿಳಾಸ ಕೈಗೆ ಬಂದ ಮೇಲೆ ಮನಸ್ಸೂ ತಡೀಲಿಲ್ಲ, ಹತ್ತಿರದಲ್ಲಿದ್ದ ಬೇರೆ ಕಂಪನಿ ಗಾಡಿ ಕಳಿಸಿದ." ಅತ್ತೆ ಸೊಸೆಯತ್ತ ತಿರುಗಿದರು. "ಇವಳ ತಮ್ಮ ಬೆಳಿಗ್ಗೆ ಫೋನೆತ್ತಿ ಏನಂದ?"

"'ಯಾರು, ಏನಾಯ್ತು' ಅಂದ್ರು ಅತ್ತೆ. ವಿಳಾಸ ಕೇಳಲೇ ಇಲ್ಲ."

"ಹಾಗಾದ್ರೆ ಈ ಕಚೇರಿ ನಂಬರಿಗೆ ಈಗ ಮಾಡು."

ಸೊಸೆ ನಂಬರ್ ಒತ್ತಿದಳು. ಮೇಜು ಸುಮ್ಮನಿತ್ತು. ಚಿಕ್ಕಪ್ಪನ ಅಂಗಿಯ ಜೇಬು ಗುರ್ರೆಂದಿತು.

"ಯಂತ್ರ ಬಂದ್ರೆ ನಾನೆಲ್ಲಿಗೆ ಹೋಗಲಿ, ಮಗಳೇ?" ಚಿಕ್ಕಪ್ಪ ಕುಸಿದು ಕೂತರು. "ಅಣ್ಣ ಕೂರಿಸಿದ ಕುರ್ಚಿ ಇದು. ಇದು ಬಿಟ್ರೆ ನನ್ನ ಹತ್ರ ಮಾತಾಡೋರು ಯಾರಿದ್ದಾರೆ? ಎತ್ತಲೇಬಾರದು ಅಂದ್ಕೊಂಡಿದ್ದೆ. ಅದು ಬಡ್ಕೊಳ್ತಿದ್ರೆ ನನ್ನ ಕೈಲಿ ಆಗಲಿಲ್ಲ."

"ನನ್ನನ್ನ ಕಳ್ಳ ಅಂದಾಗ ಇಲ್ಲೇ ಇದ್ರಲ್ಲ ಚಿಕ್ಕಪ್ಪ!" ಎಂದ ತಮ್ಮ.

ಯಜಮಾನಿ ತಮ್ಮನ ಕೈ ಹಿಡಿಯಲು ಹೋದಳು. ಅವನು ಬಿಡಿಸಿಕೊಂಡು ಚೀಲ ಎತ್ತಿಕೊಂಡ. ಅವಳು ಕರೆಯನ್ನು ಮೇಜಿನ ಫೋನಿಗೇ ತಿರುಗಿಸಿಕೊಂಡು, ಚಿಕ್ಕಪ್ಪನನ್ನು ನೋಡದೆಯೇ ಹೇಳಿದಳು: "ಇನ್ನು ಈ ಕುರ್ಚಿ ನಿಮಗಲ್ಲ."

ಆಗ ಫೋನ್ ಹೊಡೆದುಕೊಂಡಿತು. ಚಿಕ್ಕಪ್ಪನ ಕೈ ತಾನಾಗಿ ಚಾಚಿ, ಅರ್ಧದಲ್ಲೇ ನಿಂತಿತು. ಯಜಮಾನಿ ಎತ್ತಿದಳು. ಆ ಕಡೆ ಯಾರೋ ಕಿರುಚುತ್ತಿದ್ದುದು ಸೊಸೆಗೂ ಕೇಳಿಸಿತು.

"ಅಳಬೇಡಿ... ಏನಾಯ್ತು? ಮಗುವಾ? ಉಸಿರಾಡ್ತಿದೆಯಾ?"

"ವಿಳಾಸ, ಮಗಳೇ" ಎಂದರು ಚಿಕ್ಕಪ್ಪ, ಕಣ್ಣೊರೆಸಿಕೊಳ್ಳುವುದನ್ನೂ ಮರೆತು. "ಮೊದಲು ವಿಳಾಸ."

ಅವಳು ಕೇಳಿದಳು, ತಿರುಗಿ ಒಪ್ಪಿಸಿದಳು. ಅವಳ ಮಾತು ಮುಗಿಯುವ ಮೊದಲೇ ತಮ್ಮನ ಚೀಲ ನೆಲದ ಮೇಲಿತ್ತು, ಗಾಡಿಯ ಬೀಗದ ಕೈ ಗೋಡೆಯ ಮೊಳೆಯ ಮೇಲಿರಲಿಲ್ಲ.